ಕಸ್ಟರ್ಡ್ ಕ್ರೀಮನ್ನು ಯಾಕೆ ಕುದಿಸಲೇಬೇಕು?

ಗೆಳೆಯರೇ, ಇಂಜಿನಿಯರಿಂಗ್ ಕಾಲೇಜಿನ ಪತ್ರಿಕೆಯಲ್ಲಿ ಅಡುಗೆ ಪಾಠ ಯಾಕಪ್ಪಾ ಅಂತ ಹುಬ್ಬೇರಿಸಬೇಡಿ. ಹಾಲು, ಮೊಟ್ಟೆ, ಸಕ್ಕರೆ, ಕಾರ್ನ್‌ಫ್ಲೋರ್ ಈ ನಾಲ್ಕೂ ಒಂದೇ ಪಾತ್ರೆಗೆ ಬಿದ್ದು ಒಲೆ ಹತ್ತಿದ ಮೇಲೆ ನಡೆಯೋದೆಲ್ಲ ನಮ್ಮ ಸಿಲೆಬಸ್ಸೇ. ಹೀಟ್ ಟ್ರಾನ್ಸ್‌ಫರ್ ಇದೆ, ವಿಸ್ಕಾಸಿಟಿ ಇದೆ, ಮೆಟೀರಿಯಲ್ ಸೈನ್ಸ್ ಇದೆ. ಪರೀಕ್ಷೆಯಲ್ಲಿ ತಪ್ಪಾದರೆ ಅಂಕ ಹೋಗುತ್ತೆ. ಇಲ್ಲಿ ತಪ್ಪಾದರೆ ಹುಟ್ಟುಹಬ್ಬದ ಕೇಕು ಕುಸಿಯುತ್ತೆ, ಇನ್ನೂ ಎಚ್ಚರ ತಪ್ಪಿದರೆ ತಿಂದವರ ಹೊಟ್ಟೆ ಕೆಡುತ್ತೆ.

ಈ ಸಲದ ವಿಷಯ ಪದರ ಪದರವಾದ ಪೇಸ್ಟ್ರಿ ಕೇಕುಗಳ ನಡುವೆ ತುಂಬುವ ಕಸ್ಟರ್ಡ್ ಕ್ರೀಮ್. ಫ್ರಾನ್ಸಿನವರು ಇದನ್ನು ಕ್ರೆಮ್ ಪಾಟಿಸಿಯೇರ್ ಅಂತಾರೆ, ಅಂದರೆ ಪೇಸ್ಟ್ರಿ ಮಾಡುವವರ ಕ್ರೀಮ್. ಅವರ ಮಿಲ್ ಫೊಯ್ ಎಂಬ ಗರಿಗರಿ ತಿಂಡಿಗೂ, ರಷ್ಯನ್ನರ ನೆಪೋಲಿಯನ್ ಕೇಕಿಗೂ, ಸ್ಲೊವೇನಿಯಾದ ಬ್ಲೆಡ್ ಊರಿನ ಕ್ರೆಮ್‌ಶ್ನಿಟಾಗೂ ಮೂಲ ಬಂಡವಾಳ ಇದೇ.

ಮನೆಯಲ್ಲಿ ಮೊದಲ ಸಲ ಮಾಡುವವರನ್ನು ಈ ಕ್ರೀಮ್ ಒಂದು ವಿಚಿತ್ರ ರೀತಿಯಲ್ಲಿ ಕೈಕೊಡುತ್ತೆ. ರಾತ್ರಿ ಒಲೆಯಿಂದ ಇಳಿಸಿದಾಗ ದಪ್ಪಗೆ, ನುಣ್ಣಗೆ, ನೋಡೋಕೆ ಚೆನ್ನಾಗಿರುತ್ತೆ. ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ತೆಗೆದರೆ ಪಾಯಸದ ಹಾಗೆ ನೀರಾಗಿರುತ್ತೆ. ಕಾರಣ ಸಾಮಾನ್ಯವಾಗಿ ಒಂದೇ: ಮೊಟ್ಟೆ ಒಡೆದುಹೋಗುತ್ತೆ ಅನ್ನೋ ಭಯಕ್ಕೆ ಕುದಿ ಬರುವ ಮುಂಚೆಯೇ ಒಲೆ ಆರಿಸಿಬಿಡೋದು. ಆ ಭಯ ಎಲ್ಲಿ ಸರಿ, ಎಲ್ಲಿ ತಪ್ಪು ಅಂತ ತಿಳಿದುಕೊಂಡರೆ ಈ ಪಾಠದ ಮುಕ್ಕಾಲು ಭಾಗ ಮುಗಿದ ಹಾಗೆ.

ಕ್ರೀಮಿನ ಮೇಲೆ ಬೀಳುವ ಹೊರೆ

ಮೊದಲು ಈ ಕ್ರೀಮ್ ಏನು ಕೆಲಸ ಮಾಡಬೇಕು ಅಂತ ನೋಡೋಣ. ಬೇಕರಿಯ ಪಫ್ಸ್ ಎಲ್ಲರೂ ತಿಂದಿದ್ದೀರಿ. ಹಿಟ್ಟಿನೊಳಗೆ ಬೆಣ್ಣೆ ಅಥವಾ ಇನ್ಯಾವುದೋ ಕೊಬ್ಬನ್ನಿಟ್ಟು ಲಟ್ಟಿಸಿ, ಮಡಚಿ, ಮತ್ತೆ ಲಟ್ಟಿಸಿದ ಹಿಟ್ಟು ಅದು. ಮಿಲ್ ಫೊಯ್‌ಗೂ ಅದೇ ಜಾತಿಯ ಹಿಟ್ಟು. ಒಂದು ಸಲಕ್ಕೆ ಮೂರು ಮಡಿಕೆ, ಹೀಗೆ ಆರು ಸಲ ಮಾಡೋದು ವಾಡಿಕೆ. ಮೂರರ ಆರನೇ ಘಾತ ಎಷ್ಟು? 729. ಅಷ್ಟು ಬೆಣ್ಣೆಯ ಪದರಗಳು ಸಿದ್ಧವಾಗುತ್ತವೆ. ಮಿಲ್ ಫೊಯ್ ಅಂದರೆ ಸಾವಿರ ಎಲೆ ಅಂತ ಅರ್ಥ. ಅಂಥ ಮೂರು ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಲೆಕ್ಕ ಎರಡು ಸಾವಿರ ದಾಟುತ್ತೆ, ಹೆಸರಿಗೆ ಮೋಸವಿಲ್ಲ.

ಬೆಂದ ಹಾಳೆ ಹಪ್ಪಳದಂತೆ ಗರಿಗರಿ, ಬಾಗಿಸಿದರೆ ಮುರಿಯುತ್ತೆ. ಅದರ ಮೇಲೆ ಚಾಕು ಇಟ್ಟು ಒತ್ತಿದಾಗ ಹಾಳೆ ಮುರಿಯುವಷ್ಟು ಬಲ ಬೀಳುವವರೆಗೂ ಕೆಳಗಿನ ಕ್ರೀಮ್ ಆ ಒತ್ತಡ ತಡೆದುಕೊಳ್ಳಬೇಕು. ಕ್ರೀಮ್ ತೆಳುವಾಗಿದ್ದರೆ ಹಾಳೆ ಮುರಿಯುವ ಮುಂಚೆಯೇ ಅದು ಪಕ್ಕದಿಂದ ಪಿಚಕ್ಕನೆ ಹೊರಬರುತ್ತೆ, ಮೇಲಿನ ಹಾಳೆ ಕೆಳಗಿನ ಹಾಳೆಗೆ ಹೋಗಿ ಅಂಟುತ್ತೆ. ಹಾಗಂತ ಬರ್ಫಿಯ ಹಾಗೆ ಗಟ್ಟಿಯಾದರೆ ಬಾಯಲ್ಲಿ ಕರಗೋದಿಲ್ಲ. ನಮಗೆ ಬೇಕಾಗಿರೋದು ನಿಂತಾಗ ಗಟ್ಟಿ, ನಾಲಿಗೆಗೆ ತಾಗಿದಾಗ ಮೆತ್ತಗೆ ಅನ್ನುವ ಸ್ಥಿತಿ. ಅಂಥ ದುರ್ಬಲ ಜೆಲ್ ಒಂದನ್ನು ಕಟ್ಟೋದೇ ನಮ್ಮ ಕೆಲಸ.

ಪಾತ್ರೆಯಲ್ಲಿ ಗಟ್ಟಿ ಮಾಡುವವರು ಇಬ್ಬರು

ಮೊದಲನೆಯದು ಮೊಟ್ಟೆಯ ಹಳದಿಯಲ್ಲಿರುವ ಪ್ರೋಟೀನ್. ಬಿಸಿಯಾದಾಗ ಸುರುಳಿ ಸುತ್ತಿಕೊಂಡಿದ್ದ ಪ್ರೋಟೀನ್ ಎಳೆಗಳು ಬಿಚ್ಚಿಕೊಳ್ಳುತ್ತವೆ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆ ಹೆಣೆಯುತ್ತವೆ. ಬರೀ ಹಳದಿಯಾದರೆ 65 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ದಪ್ಪಗಾಗಲು ಶುರು, 70ಕ್ಕೆ ಗಟ್ಟಿ. ಹಾಲು, ಸಕ್ಕರೆ ಸೇರಿಸಿದರೆ ಪ್ರೋಟೀನ್‌ಗಳು ದೂರ ದೂರ ಆಗುತ್ತವೆ, ಹಾಗಾಗಿ ಈ ಬಿಂದು ಮೇಲೆ ಹೋಗಿ 80ರ ಆಸುಪಾಸಿಗೆ ಬರುತ್ತೆ. ಕಾರ್ನ್‌ಫ್ಲೋರ್ ಇಲ್ಲದ ತೆಳು ಕಸ್ಟರ್ಡ್ ಅನ್ನು 85 ದಾಟಿಸಿದರೆ ಬಲೆ ಅತಿಯಾಗಿ ಬಿಗಿಯಾಗುತ್ತೆ, ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತೆ. ಅದನ್ನೇ ನಾವು ಒಡೆಯಿತು ಅನ್ನೋದು. ಕುದಿಸಬೇಡಿ ಅನ್ನುವ ಎಚ್ಚರಿಕೆ ಇಂಥ ಕಸ್ಟರ್ಡಿಗೆ ನೂರಕ್ಕೆ ನೂರು ಸರಿ.

ಎರಡನೆಯದು ಪಿಷ್ಟ. ಕಾರ್ನ್‌ಫ್ಲೋರ್ ಅಂದರೆ ಮೆಕ್ಕೆಜೋಳದ ಶುದ್ಧ ಪಿಷ್ಟದ ಸಣ್ಣ ಸಣ್ಣ ಕಣಗಳು. ತಣ್ಣೀರಿನಲ್ಲಿ ಇವು ಕರಗೋದಿಲ್ಲ, ಸುಮ್ಮನೆ ತಳಕ್ಕೆ ಕೂರುತ್ತವೆ. 62 ರಿಂದ 72 ಡಿಗ್ರಿಯ ನಡುವೆ ನೀರು ಹೀರಿ ಊದಿಕೊಳ್ಳಲು ಶುರುವಾಗುತ್ತವೆ. ಸಕ್ಕರೆ ಇದ್ದರೆ ಅದೂ ನೀರಿಗೆ ಪಾಲುದಾರ, ಆದ್ದರಿಂದ ಈ ತಾಪಮಾನ ಇನ್ನೂ ಮೇಲೇರುತ್ತೆ. ಪೂರ್ತಿ ದಪ್ಪ ಬರಬೇಕಾದರೆ ಕುದಿಯ ಹತ್ತಿರ ಹೋಗಲೇಬೇಕು. ರಾಗಿ ಗಂಜಿ ಮಾಡಿದವರಿಗೆ ಇದು ಹೊಸದೇನಲ್ಲ. ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಕುದಿಯುವ ನೀರಿಗೆ ಬಿಟ್ಟು ಕೈಯಾಡಿಸುತ್ತಾ ಇದ್ದರೆ, ಒಂದು ಹಂತದಲ್ಲಿ ಸೌಟು ಇದ್ದಕ್ಕಿದ್ದ ಹಾಗೆ ಭಾರವಾಗುತ್ತೆ ಅಲ್ವಾ? ಪಿಷ್ಟದ ಕಣಗಳು ಊದಿ ಒಂದಕ್ಕೊಂದು ತಾಗಿದ ಕ್ಷಣ ಅದು.

ಈಗ ಮುಖ್ಯ ವಿಷಯ. ಇವೆರಡೂ ಒಟ್ಟಿಗೆ ಇದ್ದಾಗ ಮೊದಲಿನ ನಿಯಮ ಬದಲಾಗುತ್ತೆ. ಊದಿಕೊಂಡ ಪಿಷ್ಟದ ಕಣಗಳು, ಅವುಗಳಿಂದ ಹೊರಬಂದ ಉದ್ದುದ್ದ ಎಳೆಗಳು ಮೊಟ್ಟೆಯ ಪ್ರೋಟೀನ್‌ಗಳ ನಡುವೆ ಅಡ್ಡ ನಿಲ್ಲುತ್ತವೆ. ಪ್ರೋಟೀನ್‌ಗಳು ಮೊದಲಿನಷ್ಟು ಸುಲಭವಾಗಿ ಗುಂಪುಗೂಡಿ ಉಂಡೆಯಾಗಲು ಆಗೋದಿಲ್ಲ. ಹಾಗಾಗಿ ಸಾಕಷ್ಟು ಕಾರ್ನ್‌ಫ್ಲೋರ್ ಇರುವ ಕ್ರೀಮನ್ನು 100 ಡಿಗ್ರಿ ಹತ್ತಿರ ಕುದಿಸಿದರೂ ಅದು ಒಡೆಯೋದಿಲ್ಲ. ತೆಳು ಕಸ್ಟರ್ಡಿನ ಎಚ್ಚರಿಕೆಯನ್ನು ಇಲ್ಲಿಗೂ ಎಳೆದು ತರೋದೇ ಎಲ್ಲ ತೊಂದರೆಗೂ ಮೂಲ.

ಹಳದಿಯಲ್ಲಿ ಅಡಗಿರುವ ಕಿಣ್ವ

ಕುದಿಸಬಹುದು ಅನ್ನೋದು ಗೊತ್ತಾಯ್ತು. ಕುದಿಸಲೇಬೇಕು ಯಾಕೆ?

ಮೊಟ್ಟೆಯ ಹಳದಿಯಲ್ಲಿ ಆಲ್ಫಾ ಅಮೈಲೇಸ್ ಅನ್ನುವ ಕಿಣ್ವ ಇರುತ್ತೆ. ನಮ್ಮ ಜೊಲ್ಲಿನಲ್ಲಿಯೂ ಅದೇ ಕುಟುಂಬದ ಕಿಣ್ವ ಇದೆ. ಅನ್ನವನ್ನು ತುಂಬಾ ಹೊತ್ತು ಅಗಿದರೆ ಸಿಹಿಯಾಗೋದು ಅದರ ಕೆಲಸದಿಂದಲೇ. ಪಿಷ್ಟದ ಉದ್ದ ಸರಪಳಿಗಳನ್ನು ಕತ್ತರಿಸಿ ತುಂಡು ಮಾಡೋದು ಇದರ ಕಸುಬು. ಸರಪಳಿ ತುಂಡಾದರೆ ಜೆಲ್ ಕುಸಿಯುತ್ತೆ.

ಕ್ರೀಮ್ ದಪ್ಪಗಾದ ಕೂಡಲೇ, ಅಂದರೆ 80ರ ಹತ್ತಿರ ಒಲೆ ಆರಿಸಿದರೆ ಕಿಣ್ವ ಪೂರ್ತಿ ಸತ್ತಿರೋದಿಲ್ಲ. ಉಳಿದಿರುವ ಸ್ವಲ್ಪವೇ ಸಾಕು, ನಿಧಾನವಾಗಿ ತಣ್ಣಗಾಗುವ ಆ ಕೆಲವು ಗಂಟೆಗಳಲ್ಲಿ ಕೆಲಸ ನಡೆಸುತ್ತಾ ಹೋಗುತ್ತೆ. ರಾತ್ರಿ ಗಟ್ಟಿ, ಬೆಳಿಗ್ಗೆ ನೀರು ಅನ್ನೋ ಸಮಸ್ಯೆ ಹುಟ್ಟೋದು ಹೀಗೆ. ತಪ್ಪಾಗಿದೆ ಅಂತ ಆ ರಾತ್ರಿ ಯಾವ ಸೂಚನೆಯೂ ಸಿಗೋದಿಲ್ಲ. ಕುದಿ ಬಂದ ಮೇಲೂ ಒಂದರಿಂದ ಎರಡು ನಿಮಿಷ ಕೈಬಿಡದೆ ತಿರುವುತ್ತಾ ಬೇಯಿಸಿದರೆ ಕಿಣ್ವ ಕೆಲಸ ನಿಲ್ಲಿಸುತ್ತೆ. ಹಸಿ ಪಿಷ್ಟದ ವಾಸನೆಯೂ ಹೋಗುತ್ತೆ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಏನಾದರೂ ಇದ್ದರೆ ಅದೂ ಸಾಯುತ್ತೆ. ಎರಡು ನಿಮಿಷದಲ್ಲಿ ಮೂರು ಕೆಲಸ.

ಅಳತೆ

ಕೆನೆಭರಿತ ಹಾಲು 500 ಮಿಲಿ
ಮೊಟ್ಟೆಯ ಹಳದಿ 4, ಸುಮಾರು 70 ಗ್ರಾಂ
ಸಕ್ಕರೆ 100 ಗ್ರಾಂ
ಕಾರ್ನ್‌ಫ್ಲೋರ್ 40 ಗ್ರಾಂ
ಉಪ್ಪು ಹಾಕದ ಬೆಣ್ಣೆ 30 ಗ್ರಾಂ
ವೆನಿಲಾ ಎಸೆನ್ಸ್ ಒಂದು ಚಿಕ್ಕ ಚಮಚ, ಒಂದು ಚಿಟಿಕೆ ಉಪ್ಪು

ಒಟ್ಟು ತೂಕ 750 ಗ್ರಾಂ ಹತ್ತಿರ ಬರುತ್ತೆ, ಅದರಲ್ಲಿ ಪಿಷ್ಟ ಸುಮಾರು ಶೇಕಡಾ 5. ಚಾಕುವಿನಲ್ಲಿ ಕತ್ತರಿಸಿದರೆ ನಿಲ್ಲುವ ಕ್ರೀಮಿಗೆ ಇಷ್ಟು ಬೇಕು. ಅಳತೆ ಚಮಚ ನಂಬಬೇಡಿ. ಕಾರ್ನ್‌ಫ್ಲೋರನ್ನು ಒತ್ತಿ ತುಂಬಿದ ಚಮಚಕ್ಕೂ ಸಡಿಲವಾಗಿ ತುಂಬಿದ ಚಮಚಕ್ಕೂ ತುಂಬಾ ವ್ಯತ್ಯಾಸ. ಚಿಕ್ಕ ತಕ್ಕಡಿ ಇದ್ದರೆ ತೂಗಿ ಹಾಕಿ.

ಕಾರ್ನ್‌ಫ್ಲೋರ್ ಬದಲು ಮೈದಾ ಹಾಕಬಹುದಾ? ಹಾಕಬಹುದು, ಹಳೆಯ ಕಾಲದ ಪಾಕಗಳಲ್ಲಿ ಮೈದಾನೇ ಇರೋದು. ಆದರೆ ಮೈದಾದಲ್ಲಿ ಪಿಷ್ಟದ ಜೊತೆ ಬೇರೆ ಪ್ರೋಟೀನೂ ಇರೋದರಿಂದ ದಪ್ಪ ಮಾಡುವ ಶಕ್ತಿ ಕಡಿಮೆ. ಜಾಸ್ತಿ ಹಾಕಬೇಕು, ಜಾಸ್ತಿ ಹೊತ್ತು ಬೇಯಿಸಬೇಕು, ಕ್ರೀಮ್ ಸ್ವಲ್ಪ ಮಂಕಾಗಿ ಕಾಣುತ್ತೆ.

ಪಾತ್ರೆ ದಪ್ಪ ತಳದ ಸ್ಟೀಲಿನದ್ದಾಗಿರಲಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಲೋಹದ ವಿಸ್ಕಿನಿಂದ ತಿಕ್ಕಿದರೆ ಹಳದಿ ಕ್ರೀಮಿಗೆ ಬೂದು ಬಣ್ಣ ತಿರುಗುತ್ತೆ.

ಮಾಡುವ ಕ್ರಮ

ಹಂತ 1. 500 ಮಿಲಿ ಹಾಲಿನಲ್ಲಿ 100 ಮಿಲಿ ತಣ್ಣಗಿನದನ್ನು ಪಕ್ಕಕ್ಕೆ ತೆಗೆದಿಡಿ. ಉಳಿದ 400 ಮಿಲಿಯನ್ನು ಒಲೆ ಮೇಲಿಡಿ.

ಹಂತ 2. ಒಂದು ಬಟ್ಟಲಿನಲ್ಲಿ ಕಾರ್ನ್‌ಫ್ಲೋರ್, ಸಕ್ಕರೆ, ಉಪ್ಪು ಒಣದಾಗಿಯೇ ಬೆರೆಸಿ. ಸಕ್ಕರೆಯ ಹರಳುಗಳು ಪಿಷ್ಟದ ಕಣಗಳನ್ನು ಬಿಡಿ ಬಿಡಿ ಮಾಡುತ್ತವೆ, ಮುಂದೆ ಗಂಟು ಕಟ್ಟೋದಿಲ್ಲ. ಇದಕ್ಕೆ ತೆಗೆದಿಟ್ಟ ತಣ್ಣನೆಯ ಹಾಲು ಹಾಕಿ ಕದಡಿ. ಆಮೇಲೆ ಹಳದಿ ಹಾಕಿ ಕೂಡಲೇ ವಿಸ್ಕಿನಿಂದ ಚೆನ್ನಾಗಿ ಕಲಸಿ. ಹಳದಿಯ ಮೇಲೆ ಒಣ ಸಕ್ಕರೆ ಸುರಿದು ಫೋನ್ ನೋಡ್ತಾ ಕೂತರೆ ಸಕ್ಕರೆ ಅದರ ನೀರನ್ನು ಎಳೆದುಕೊಂಡು ಗಟ್ಟಿ ಚೂರುಗಳನ್ನು ಮಾಡಿಬಿಡುತ್ತೆ. ಆ ಚೂರು ಮತ್ತೆ ಕರಗೋದಿಲ್ಲ.

ಹಂತ 3. ಹಾಲಿನ ಅಂಚಿನಲ್ಲಿ ಗುಳ್ಳೆ ಬಂದು ಹಬೆಯಾಡತೊಡಗಿದಾಗ ಒಲೆ ಸಣ್ಣ ಮಾಡಿ. ಇದರಲ್ಲಿ ಅರ್ಧ, ಅಂದರೆ 200 ಮಿಲಿಯನ್ನು ಮೊಟ್ಟೆಯ ಮಿಶ್ರಣಕ್ಕೆ ತೆಳು ಧಾರೆಯಲ್ಲಿ ಹುಯ್ಯುತ್ತಾ, ಇನ್ನೊಂದು ಕೈಯಲ್ಲಿ ಕಲಸುತ್ತಾ ಇರಿ.

ಇಲ್ಲಿ ಒಂದು ಚಿಕ್ಕ ಲೆಕ್ಕ. ಬಟ್ಟಲಿನ ಮಿಶ್ರಣದಲ್ಲಿ 100 ಮಿಲಿ ಹಾಲು, 70 ಗ್ರಾಂ ಹಳದಿ, 100 ಗ್ರಾಂ ಸಕ್ಕರೆ, 40 ಗ್ರಾಂ ಪಿಷ್ಟ ಇದೆ. ಪ್ರತಿಯೊಂದರ ಸ್ಪೆಸಿಫಿಕ್ ಹೀಟ್ ಹಿಡಿದು ಗುಣಿಸಿ ಕೂಡಿದರೆ, ಅದನ್ನು ಒಂದು ಡಿಗ್ರಿ ಏರಿಸಲು ಅಂದಾಜು 770 ಜೂಲ್ ಬೇಕು. 200 ಮಿಲಿ ಹಾಲಿಗೆ ಈ ಸಂಖ್ಯೆ ಸುಮಾರು 800. ಎರಡೂ ಹೆಚ್ಚುಕಡಿಮೆ ಸಮ. ಹಾಗಾದರೆ 25 ಡಿಗ್ರಿಯ ಮಿಶ್ರಣಕ್ಕೆ 90 ಡಿಗ್ರಿಯ ಹಾಲು ಸೇರಿದಾಗ ತಾಪಮಾನ ನಡುಮಧ್ಯಕ್ಕೆ, ಅಂದರೆ 58ರ ಹತ್ತಿರ ಬಂದು ನಿಲ್ಲುತ್ತೆ. ಹಳದಿ ಗಟ್ಟಿಯಾಗೋ 65ರ ಗೆರೆ ದಾಟಲಿಲ್ಲ! ಅದೇ ಹಳದಿಯನ್ನು ನೇರವಾಗಿ ಕುದಿಯುವ ಹಾಲಿಗೆ ಸುರಿದರೆ, ಬಿದ್ದ ಜಾಗದಲ್ಲೇ 70 ದಾಟಿ ಎಳೆ ಎಳೆಯಾಗಿ ಬೆಂದುಹೋಗುತ್ತೆ. ತಾಳ್ಮೆಯಿಂದ ಹುಯ್ಯಿರಿ ಅನ್ನೋ ಮಾತಿನ ಹಿಂದೆ ಇರೋದು ಇಷ್ಟೇ ಎನರ್ಜಿ ಬ್ಯಾಲೆನ್ಸ್.

ಹಂತ 4. ಬೆಚ್ಚಗಾದ ಮಿಶ್ರಣವನ್ನು ಜಾಲರಿಯಲ್ಲಿ ಸೋಸಿ ಒಲೆ ಮೇಲಿನ ಹಾಲಿಗೆ ಸೇರಿಸಿ. ಈಗ ಮಧ್ಯಮ ಉರಿ. ವಿಸ್ಕ್ ನಿಲ್ಲಬಾರದು. ತೆಳು ದ್ರವದಲ್ಲಿ ಕೆಳಗಿನ ಬಿಸಿ ಭಾಗ ತಾನೇ ಮೇಲೇರಿ ಮೇಲಿನ ತಣ್ಣನೆಯ ಭಾಗ ಕೆಳಗಿಳಿಯುತ್ತೆ, ಕನ್ವೆಕ್ಷನ್ ಪಾಠ ನೆನಪಿರಬೇಕಲ್ಲ. ದಪ್ಪಗಾಗುತ್ತಾ ಹೋದ ಹಾಗೆ ಈ ಓಡಾಟ ನಿಂತುಹೋಗುತ್ತೆ. ಆಗ ತಳದಲ್ಲಿರೋದು ತಳದಲ್ಲೇ ಕೂತು ಸೀಯುತ್ತೆ. ನಿಂತುಹೋದ ಕನ್ವೆಕ್ಷನ್‌ನ ಕೆಲಸವನ್ನು ನಿಮ್ಮ ತೋಳು ಮಾಡಬೇಕು. ವಿಸ್ಕ್ ಹೋಗದ ಜಾಗ ಅಂದರೆ ಪಾತ್ರೆಯ ತಳ ಗೋಡೆಗೆ ಸೇರುವ ಮೂಲೆ. ನಡುನಡುವೆ ಒಂದು ಮರದ ಸೌಟಿನಿಂದ ಆ ಮೂಲೆಯನ್ನು ಸುತ್ತಲೂ ಕೆರೆದು ತನ್ನಿ.

ಹಂತ 5. ದಪ್ಪಗಾಗುವ ಕ್ಷಣ ಇದ್ದಕ್ಕಿದ್ದಂತೆ ಬರುತ್ತೆ. ಮೊದಲು ಅಲ್ಲಲ್ಲಿ ಗಂಟು ಗಂಟಾಗಿ ಕಾಣಬಹುದು, ಗಾಬರಿ ಬೇಡ. ಉರಿ ಸಣ್ಣ ಮಾಡಿ ಜೋರಾಗಿ ತಿರುವಿದರೆ ನುಣ್ಣಗಾಗುತ್ತೆ. ಮುಗಿಯಿತು ಅಂತ ಅನ್ನಿಸೋದೂ ಈಗಲೇ, ಮುಗಿಸಬಾರದ್ದೂ ಈಗಲೇ. ತಿರುವುತ್ತಲೇ ಇರಿ. ಪ್ರತಿ ಅರ್ಧ ನಿಮಿಷಕ್ಕೊಮ್ಮೆ ಕೈ ನಿಲ್ಲಿಸಿ ಐದು ಸೆಕೆಂಡ್ ನೋಡಿ. ನಡುವಿನಿಂದ ದಪ್ಪ ಗುಳ್ಳೆಗಳು ಎದ್ದು ನಿಧಾನವಾಗಿ ಪ್ಳಕ್ ಪ್ಳಕ್ ಅಂತ ಒಡೆಯುತ್ತಿದ್ದರೆ ಅದು ಕುದಿ. ಗಡಿಯಾರ ನೋಡಿಕೊಳ್ಳೋದು ಇಲ್ಲಿಂದ. ಮತ್ತೆ ಪೂರ್ತಿ ಎರಡು ನಿಮಿಷ.

ಹಂತ 6. ಒಲೆ ಆರಿಸಿ, ಇಳಿಸಿ. ಐದಾರು ನಿಮಿಷ ಆಗಾಗ ಕಲಕಿ. ಬೆರಳಿಗೆ ತಡೆಯುವಷ್ಟು ಬಿಸಿ ಇಳಿದ ಮೇಲೆ ಬೆಣ್ಣೆಯನ್ನು ಚೂರು ಚೂರಾಗಿ ಸೇರಿಸಿ, ವೆನಿಲಾ ಹಾಕಿ. ಬೆಣ್ಣೆ ಫ್ರಿಜ್ಜಿನಲ್ಲಿ ಮತ್ತೆ ಗಟ್ಟಿಯಾಗಿ ಕ್ರೀಮಿಗೆ ಬಲ ಕೊಡುತ್ತೆ, ಬಾಯಲ್ಲಿ ದೇಹದ ಶಾಖಕ್ಕೆ ಕರಗಿ ನುಣುಪು ಕೊಡುತ್ತೆ.

ನಿಂಬೆರಸ ಅಥವಾ ಹುಳಿ ಹಣ್ಣಿನ ರಸ ಹಾಕುವ ಆಸೆ ಇದ್ದರೆ ಇಳಿಸಿದ ಮೇಲೆ ಹಾಕಿ. ಹುಳಿಯ ಜೊತೆ ಕುದಿಸಿದರೆ ಪಿಷ್ಟದ ಸರಪಳಿ ತುಂಡಾಗಿ ಕ್ರೀಮ್ ತೆಳುವಾಗುತ್ತೆ.

ತಣ್ಣಗಾಗಿಸೋದೂ ಅಡುಗೆಯ ಭಾಗವೇ

ಹೊಟ್ಟೆಯ ಪ್ರಶ್ನೆ ಇಲ್ಲಿದೆ, ದಯವಿಟ್ಟು ಈ ಭಾಗ ಹಾರಿಸಬೇಡಿ. ಹಾಲು, ಮೊಟ್ಟೆ, ಪಿಷ್ಟ, ನೀರು, ಬೆಚ್ಚಗಿನ ಜಾಗ. ಬ್ಯಾಕ್ಟೀರಿಯಾಗೆ ಇದಕ್ಕಿಂತ ಒಳ್ಳೆಯ ಮೆಸ್ ಊಟ ಇಲ್ಲ. 5 ರಿಂದ 60 ಡಿಗ್ರಿಯ ನಡುವೆ ಅವು ಬೆಳೆಯುತ್ತವೆ. ಕುದಿಸಿದೆವಲ್ಲ, ಎಲ್ಲ ಸತ್ತವಲ್ಲ ಅಂತೀರಾ? ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯನ್ನೂ ತಡೆದುಕೊಂಡು ಬದುಕಬಲ್ಲವು. ಸ್ಟಫಿಲೊಕಾಕಸ್ ಆರಿಯಸ್ ನಮ್ಮ ಕೈಯಿಂದ, ಮೂಗಿನಿಂದ ಆಮೇಲೆ ಬಂದು ಸೇರಬಹುದು. ಇದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗೋದಿಲ್ಲ. ಕೆಟ್ಟ ಕ್ರೀಮನ್ನು ಮತ್ತೊಂದು ಕುದಿ ಕುದಿಸಿ ಉಳಿಸಿಕೊಳ್ಳೋ ಉಪಾಯ ನಡೆಯೋದಿಲ್ಲ ಅಂತ ಅರ್ಥ.

ಅಮೆರಿಕದ ಎಫ್‌ಡಿಎ ಆಹಾರ ಸಂಹಿತೆ ಬೇಯಿಸಿದ ಪದಾರ್ಥಗಳಿಗೆ ಒಂದು ಮಿತಿ ಹಾಕಿದೆ. 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಯಬೇಕು. ಕ್ರೀಮನ್ನು ಕುದಿಸಿದ ಆಳದ ಪಾತ್ರೆಯಲ್ಲೇ ಬಿಟ್ಟರೆ ಇದು ಸಾಧ್ಯವಾ?

ಗಟ್ಟಿಯಾದ ಕ್ರೀಮಿನಲ್ಲಿ ಶಾಖ ಬರೀ ಕಂಡಕ್ಷನ್‌ನಿಂದ ಸಾಗಬೇಕು. ಆಗ ತಣ್ಣಗಾಗುವ ಕಾಲ ದಪ್ಪದ ವರ್ಗಕ್ಕೆ ಅನುಗುಣ. ನೀರಿನಂಶ ಜಾಸ್ತಿ ಇರುವ ಪದಾರ್ಥದ ಥರ್ಮಲ್ ಡಿಫ್ಯೂಸಿವಿಟಿ ಸೆಕೆಂಡಿಗೆ ಸುಮಾರು 0.14 ಚದರ ಮಿಲಿಮೀಟರ್. ಎರಡು ಸೆಂಟಿಮೀಟರ್ ದಪ್ಪಗೆ ಹರಡಿ ಎರಡೂ ಬದಿಯಿಂದ ತಣ್ಣಗಾಗಲು ಬಿಟ್ಟರೆ, ನಡುವಿನವರೆಗಿನ ದೂರ 10 ಮಿಲಿಮೀಟರ್. ಅದರ ವರ್ಗ 100, ಭಾಗಿಸಿದರೆ ಸುಮಾರು 700 ಸೆಕೆಂಡ್, ಅಂದರೆ 12 ನಿಮಿಷ. ಎಂಟು ಸೆಂಟಿಮೀಟರ್ ಆಳ ಇದ್ದರೆ ದೂರ ನಾಲ್ಕು ಪಟ್ಟು, ಕಾಲ ಹದಿನಾರು ಪಟ್ಟು, ಅಂದರೆ ಮೂರು ಗಂಟೆಗೂ ಮೇಲೆ. ಮೇಲ್ಮೈ ಸದಾ ತಣ್ಣಗೇ ಇರುತ್ತೆ ಅಂತ ಅಂದುಕೊಂಡ ಲೆಕ್ಕ ಇದು, ನಿಜದ ಫ್ರಿಜ್ಜಿನಲ್ಲಿ ಗಾಳಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಆದರೂ ಅನುಪಾತದಿಂದ ಪಾಠ ಸ್ಪಷ್ಟ.

ಆದ್ದರಿಂದ ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಎರಡು ಸೆಂಟಿಮೀಟರ್ ಮೀರದಂತೆ ಹರಡಿ. ತಟ್ಟೆಯನ್ನು ಐಸ್ ಹಾಕಿದ ನೀರಿನ ಮೇಲೆ ಹತ್ತು ಹದಿನೈದು ನಿಮಿಷ ಇಡಿ. ಆಹಾರಕ್ಕೆ ಬಳಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕ್ರೀಮಿನ ಮೈಗೆ ತಾಗುವಂತೆಯೇ ಹೊದಿಸಿ, ಇಲ್ಲವಾದರೆ ಮೇಲೆ ಕೆನೆಯಂತೆ ಸಿಪ್ಪೆ ಕಟ್ಟುತ್ತೆ, ಅದು ಆಮೇಲೆ ಚೂರು ಚೂರಾಗಿ ಬಾಯಿಗೆ ಸಿಗುತ್ತೆ. ಆಮೇಲೆ ಫ್ರಿಜ್ಜು. ಎರಡು ದಿನದೊಳಗೆ ಮುಗಿಸಿ. ಫೆಸ್ಟ್ ಸ್ಟಾಲಿನಲ್ಲಿ ಮಾರೋದಾದರೆ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ. ರಾತ್ರಿಯೆಲ್ಲ ಕರೆಂಟ್ ಹೋಗಿ ಫ್ರಿಜ್ಜು ಬೆಚ್ಚಗಾಗಿದ್ದರೆ ಎಸೆದುಬಿಡಿ. ಸ್ವಲ್ಪ ಹಾಲಿಗೆ ಆಸೆಪಟ್ಟು ಹಾಸ್ಟೆಲಿನ ಒಂದು ಫ್ಲೋರನ್ನೇ ಮಲಗಿಸೋದು ಬೇಡ.

ಫ್ರೀಜರಿನಲ್ಲಿ ಇಡಬಹುದಾ? ಬೇಡ. ಹೆಪ್ಪುಗಟ್ಟಿ ಕರಗಿದಾಗ ಪಿಷ್ಟದ ಎಳೆಗಳು ಬಿಗಿಯಾಗಿ ಹತ್ತಿರ ಬಂದು ನೀರನ್ನು ಹೊರದೂಡುತ್ತವೆ, ಕ್ರೀಮ್ ಸ್ಪಂಜಿನ ಹಾಗಾಗುತ್ತೆ.

ಒಂದೇ ಕ್ರೀಮ್, ಎರಡು ಕೇಕು

ಫ್ರಿಜ್ಜಿನಿಂದ ತೆಗೆದ ಕ್ರೀಮ್ ಗಡ್ಡೆಯ ಹಾಗಿರುತ್ತೆ. ಕೈ ವಿಸ್ಕಿನಿಂದ ನುಣ್ಣಗಾಗುವಷ್ಟೇ ಕಲಸಿ ನಿಲ್ಲಿಸಿ. ಮಿಕ್ಸಿಗೆ ಹಾಕಿದರೆ ಜೆಲ್ಲಿನ ಬಲೆ ಹರಿದು ಹೋಗುತ್ತೆ, ಮತ್ತೆ ಮೊದಲಿನಷ್ಟು ಗಟ್ಟಿಯಾಗೋದಿಲ್ಲ.

ಮಿಲ್ ಫೊಯ್ ಮಾಡೋದಾದರೆ ಅಂಗಡಿಯಲ್ಲಿ ಸಿಗುವ ಪಫ್ ಪೇಸ್ಟ್ರಿ ಹಾಳೆ ಸಾಕು. ಮುಳ್ಳು ಚಮಚದಿಂದ ಎಲ್ಲ ಕಡೆ ಚುಚ್ಚಿ, ಮೇಲೊಂದು ತಟ್ಟೆ ಭಾರಕ್ಕಿಟ್ಟು, 200 ಡಿಗ್ರಿಯಲ್ಲಿ ಕಂದು ಬಣ್ಣ ಬರುವ ತನಕ ಬೇಯಿಸಿ. 12 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಉದ್ದದ ಮೂರು ಹಾಳೆ ಕತ್ತರಿಸಿಕೊಂಡರೆ, ನಡುವೆ ಒಂದು ಸೆಂಟಿಮೀಟರ್ ದಪ್ಪದ ಎರಡು ಪದರಕ್ಕೆ 600 ಘನ ಸೆಂಟಿಮೀಟರ್ ಕ್ರೀಮ್ ಬೇಕು. ಮೇಲಿನ ಅಳತೆ ಅಷ್ಟಕ್ಕೆ ಸರಿಹೋಗುತ್ತೆ.

ಇಲ್ಲಿ ಶತ್ರು ಯಾರು ಅಂದರೆ ನೀರು. ಕ್ರೀಮಿನಲ್ಲಿ ತುಂಬಾ ನೀರು, ಹಾಳೆಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಎರಡನ್ನೂ ತಾಗಿಸಿಟ್ಟರೆ ನೀರು ಸಾಗುತ್ತಲೇ ಇರುತ್ತೆ, ಗರಿಗರಿ ಹೋಗುತ್ತೆ. ಮಳೆಗಾಲದಲ್ಲಿ ಡಬ್ಬಿ ಮುಚ್ಚದ ಚಕ್ಕುಲಿಯ ಗತಿಯೇ ಇದಕ್ಕೂ. ಬೆಂದ ಹಾಳೆಯ ಮೇಲೆ ಪುಡಿ ಸಕ್ಕರೆ ಉದುರಿಸಿ ಮತ್ತೆ ಓವನ್ನಿನಲ್ಲಿಟ್ಟು ಕರಗಿಸಿದರೆ ಗಾಜಿನಂಥ ಲೇಪ ಬರುತ್ತೆ, ನೀರನ್ನು ಸ್ವಲ್ಪ ಹೊತ್ತು ತಡೆಯುತ್ತೆ. ಆದರೂ ಖಚಿತವಾದ ಉಪಾಯ ಒಂದೇ: ತಿನ್ನುವ ಸ್ವಲ್ಪ ಮೊದಲು ಜೋಡಿಸೋದು. ಕತ್ತರಿಸಲು ಗರಗಸದಂಥ ಹಲ್ಲಿರುವ ಬ್ರೆಡ್ ಚಾಕು ಬಳಸಿ, ಒತ್ತದೆ ಎಳೆಯಿರಿ.

ನೆಪೋಲಿಯನ್ ಕೇಕಿನಲ್ಲಿ ಲೆಕ್ಕ ತಲೆಕೆಳಗು. ರಷ್ಯನ್ ಮನೆಗಳಲ್ಲಿ ಎಂಟು ಹತ್ತು ತೆಳು ರೊಟ್ಟಿಗಳನ್ನು ಬೇಯಿಸಿ, ನಡುವೆ ಕ್ರೀಮ್ ಹಚ್ಚಿ, ಇಡೀ ರಾತ್ರಿ ನೆನೆಯಲು ಬಿಡುತ್ತಾರೆ. ನೀರು ಕ್ರೀಮಿನಿಂದ ಹಾಳೆಗೆ ಹೋಗಬೇಕು ಅನ್ನೋದೇ ಅವರ ಉದ್ದೇಶ. ಮಿಲ್ ಫೊಯ್‌ನಲ್ಲಿ ದೋಷ ಆಗಿದ್ದು ಇಲ್ಲಿ ಗುಣ. ಇದಕ್ಕೆ ಕಾರ್ನ್‌ಫ್ಲೋರನ್ನು 30 ಗ್ರಾಮಿಗೆ ಇಳಿಸಿ, ಕ್ರೀಮ್ ತೆಳುವಾಗಿ ಹರಡಲು ಬರುತ್ತೆ. ಹಲವರು ಇದಕ್ಕೆ ನೂರು ಗ್ರಾಮಿಗೂ ಮೇಲೆ ಮೆತ್ತನೆಯ ಬೆಣ್ಣೆಯನ್ನು ನೊರೆ ಬರುವಂತೆ ಕಡೆದು ಸೇರಿಸುತ್ತಾರೆ. ಆಗ ಕ್ರೀಮ್, ಬೆಣ್ಣೆ ಎರಡೂ ಒಂದೇ ತಾಪಮಾನದಲ್ಲಿ, 20 ಡಿಗ್ರಿ ಆಸುಪಾಸಿನಲ್ಲಿ ಇರಬೇಕು. ಒಂದು ತಣ್ಣಗೆ ಇನ್ನೊಂದು ಬೆಚ್ಚಗೆ ಇದ್ದರೆ ಮೊಸರು ಒಡೆದ ಹಾಗೆ ಕಾಣುತ್ತೆ. ಗಮನಿಸಿ, ನೆನೆಯಲು ಬಿಡುವ ರಾತ್ರಿಯಿಡೀ ಕ್ರೀಮ್ ದಪ್ಪವಾಗಿಯೇ ಉಳಿಯಬೇಕು. ಕಿಣ್ವ ಉಳಿದುಕೊಂಡಿದ್ದರೆ ನೆನೆದ ಕೇಕು ಸಿಗೋದಿಲ್ಲ, ಬೆಳಿಗ್ಗೆ ತಟ್ಟೆಯಲ್ಲಿ ಕೆಸರು ಸಿಗುತ್ತೆ.

ಬ್ಲೆಡ್‌ನ ಕ್ರೆಮ್‌ಶ್ನಿಟಾ ಇವೆರಡಕ್ಕಿಂತ ಧೈರ್ಯದ ಕಟ್ಟಡ. 1953ರಿಂದ ಅಲ್ಲಿನ ಪಾರ್ಕ್ ಹೋಟೆಲಿನಲ್ಲಿ ಮಾಡುತ್ತಿರುವ ಈ ಚೌಕ ತುಂಡಿನಲ್ಲಿ ಎರಡೇ ಹಾಳೆ, ನಡುವೆ ಎತ್ತರದ ಕಸ್ಟರ್ಡ್, ಅದರ ಮೇಲೆ ನೊರೆ ಕ್ರೀಮ್. ಪಕ್ಕದ ಗೋಡೆ ಇಲ್ಲದೆ ಅಷ್ಟೆತ್ತರ ನಿಲ್ಲೋದು ಚೆನ್ನಾಗಿ ಬೆಂದ ಪಿಷ್ಟದ ಬಲದಿಂದ.

ಮೊಟ್ಟೆ ತಿನ್ನದವರಿಗೆ

ನಮ್ಮಲ್ಲಿ ಮದುವೆ ಊಟದ ಫ್ರೂಟ್ ಸಲಾಡಿಗೆ ಬೀಳುವ ಹಳದಿ ಕಸ್ಟರ್ಡ್ ನೆನಪಿಸಿಕೊಳ್ಳಿ. ಅದರ ಪೌಡರ್ ಹುಟ್ಟಿದ್ದೇ ಮೊಟ್ಟೆ ಆಗದವರೊಬ್ಬರಿಗಾಗಿ. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಲ್‌ಫ್ರೆಡ್ ಬರ್ಡ್ ಅನ್ನುವ ಔಷಧಿ ವ್ಯಾಪಾರಿ, ಮೊಟ್ಟೆಯ ಅಲರ್ಜಿ ಇದ್ದ ತನ್ನ ಹೆಂಡತಿಗಾಗಿ ಕಾರ್ನ್‌ಫ್ಲೋರ್ ಬಳಸಿ ಇದನ್ನು ಕಂಡುಹಿಡಿದ. ಇವತ್ತಿನ ಪೌಡರೂ ಮುಖ್ಯವಾಗಿ ಕಾರ್ನ್‌ಫ್ಲೋರ್, ಬಣ್ಣ, ವಾಸನೆ ಅಷ್ಟೇ.

ಪದರಕ್ಕೆ ತುಂಬಲು 500 ಮಿಲಿ ಹಾಲಿಗೆ 50 ಗ್ರಾಂ ಪೌಡರ್, 90 ಗ್ರಾಂ ಸಕ್ಕರೆ, 40 ಗ್ರಾಂ ಬೆಣ್ಣೆ ಹಿಡಿಯಿರಿ. ಹಳದಿಯ ಪ್ರೋಟೀನ್ ಇಲ್ಲದ್ದರಿಂದ ಪಿಷ್ಟ ಜಾಸ್ತಿ ಬೇಕು. ಕ್ರಮ ಅದೇ, ಹಾಲು ನಿಧಾನಕ್ಕೆ ಬೆರೆಸುವ ಹಂತ ಮಾತ್ರ ಬೇಡ. ಕಿಣ್ವದ ಕಾಟವೂ ಇಲ್ಲಿಲ್ಲ. ಆದರೂ ಹಸಿ ವಾಸನೆ ಹೋಗಿ ಪೂರ್ತಿ ದಪ್ಪ ಬರಲು ಒಂದು ನಿಮಿಷದ ಕುದಿ ಬೇಕು. ಬೇಗ ತಣ್ಣಗಾಗಿಸುವ ನಿಯಮಕ್ಕಂತೂ ಯಾವ ರಿಯಾಯಿತಿಯೂ ಇಲ್ಲ.

ಮಾಡಿ ನೋಡಿ: ಕ್ರೀಮಿನ ಸ್ಲಂಪ್ ಟೆಸ್ಟ್

ಸಿವಿಲ್ ಗೆಳೆಯರಿಗೆ ಕಾಂಕ್ರೀಟಿನ ಸ್ಲಂಪ್ ಟೆಸ್ಟ್ ಗೊತ್ತು. ಕೋನ್ ತುಂಬಿ, ಅದನ್ನು ನೇರವಾಗಿ ಮೇಲೆತ್ತಿ, ಎಷ್ಟು ಕುಸಿಯಿತು ಅಂತ ಅಳೆಯೋದು. ಅದನ್ನೇ ಇಲ್ಲಿ ಮಾಡೋಣ. ಅರ್ಧ ಅಳತೆಯಲ್ಲಿ ಮೂರು ಕ್ರೀಮ್ ಮಾಡಿ. ಮೊದಲನೆಯದನ್ನು ದಪ್ಪಗಾದ ಕೂಡಲೇ, ಥರ್ಮಾಮೀಟರ್ 80 ತೋರಿಸಿದಾಗ ಇಳಿಸಿ. ಎರಡನೆಯದನ್ನು ಎರಡು ನಿಮಿಷ ಕುದಿಸಿ ಇಳಿಸಿ. ಮೂರನೆಯದಕ್ಕೆ ಹಳದಿ ಹಾಕದೆ, ಬರೀ ಹಾಲು, ಸಕ್ಕರೆ, ಕಾರ್ನ್‌ಫ್ಲೋರಿನಲ್ಲಿ ಮಾಡಿ 80ಕ್ಕೆ ಇಳಿಸಿ. ಬೆಣ್ಣೆ ಯಾವುದಕ್ಕೂ ಬೇಡ.

ಪ್ರತಿಯೊಂದನ್ನೂ ಒಂದೇ ಅಳತೆಯ ಎರಡೆರಡು ಚಿಕ್ಕ ಸ್ಟೀಲ್ ಲೋಟಗಳಿಗೆ ತುಂಬಿ, ಮುಚ್ಚಿ, ಫ್ರಿಜ್ಜಿನಲ್ಲಿಡಿ. ಎರಡು ಗಂಟೆಯ ನಂತರ ಒಂದೊಂದು ಲೋಟವನ್ನು ತಟ್ಟೆಗೆ ಬೋರಲು ಹಾಕಿ, ಐದು ನಿಮಿಷ ಬಿಟ್ಟು ಎತ್ತರ ಅಳೆಯಿರಿ. ಉಳಿದ ಮೂರನ್ನು ಮಾರನೇ ದಿನ ಅಳೆಯಿರಿ.

ಮೂರನೆಯ ಲೋಟ ಯಾಕೆ ಬೇಕು ಅಂತ ಯೋಚಿಸಿ. 80ಕ್ಕೇ ಇಳಿಸಿದರೆ ಪಿಷ್ಟ ಅರೆಬೆಂದಿರುತ್ತೆ, ಮೊದಲನೆಯದು ಶುರುವಿನಿಂದಲೇ ಸ್ವಲ್ಪ ತೆಳುವಾಗಿರಬಹುದು. ಆ ಕಾರಣದ್ದಾದರೆ ಮೂರನೆಯದೂ ತೆಳುವಾಗೇ ಇರುತ್ತೆ, ಆದರೆ ಎರಡೂ ಅಳತೆಗಳ ನಡುವೆ ಹೆಚ್ಚೇನೂ ಬದಲಾಗೋದಿಲ್ಲ. ಮೊದಲನೆಯದು ಮಾತ್ರ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಇನ್ನಷ್ಟು ಕುಸಿದಿದ್ದರೆ, ಅದಕ್ಕೆ ಕಾರಣ ಹಳದಿಯೊಳಗಿನ ಕಿಣ್ವ. ಲೋಟಗಳ ಮೇಲೆ ಗುರುತು ಬರೆಯೋದು ಮರೀಬೇಡಿ, ಮೂರರ ಎತ್ತರವನ್ನೂ ಪಟ್ಟಿ ಮಾಡಿ ಇಡಿ. ಎರಡನೆಯ ಲೋಟದ ಕ್ರೀಮನ್ನು ಅಳೆದಾದ ಮೇಲೆ ಎರಡು ಹಾಳೆಗಳ ನಡುವೆ ಹಚ್ಚಿಕೊಂಡು ತಿನ್ನಿ.